ಇಳಿಯದೇ ದಾಟಿದ ಪುರಗಳು

ಮೂವತ್ತು ವರ್ಷ ನಾನು ಬಸ್ ಕಂಡಕ್ಟರ್ ಆಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಹೊಸಪೇಟೆ–ಹಂಪಿ ರೂಟಿನಲ್ಲೇ ಕಳೆಯಿತು. ದಿನಕ್ಕೆ ಆರೇಳು ಸಲ "ಅನಂತಶಯನಗುಡಿ... ಕಡ್ಡಿರಾಂಪುರ... ಕೃಷ್ಣ ದೇವಸ್ಥಾನ... ಹಂಪಿ ಹಂಪಿ, ಇಳೀರಿ!" ಎಂದು ಕೂಗುತ್ತಿದ್ದೆ. ಎಷ್ಟು ಟಿಕೆಟ್ ಹರಿದೆನೋ ಲೆಕ್ಕವಿಲ್ಲ. ಆದರೆ ನಾನು ಕೂಗಿದ ಸ್ಟಾಪುಗಳಲ್ಲಿ ಇಳಿದು, ನಿಂತು ನೋಡಿದ್ದು ಈ ದಸರಾ ರಜೆಯಲ್ಲಿ. ಅದೂ ಏಳನೇ ಕ್ಲಾಸಿನ ಮೊಮ್ಮಗಳ ಕಾಟಕ್ಕೆ.

ನಮ್ಮದು ಸಂಡೂರು ತಾಲ್ಲೂಕಿನ ಬಂಡ್ರಿ. ರಜೆಗೆ ಬಂದ ಮೊಮ್ಮಗಳ ಕೈಯಲ್ಲಿ ಒಂದು ನೋಟ್ ಪುಸ್ತಕವಿತ್ತು. "ನಿಮಗೆ ಹತ್ತಿರದ ಒಂದು ಹಳೆಯ ಊರಿಗೆ ಹೋಗಿ, ಅದರ ಪೇಟೆ, ಬೀದಿಗಳ ನಕ್ಷೆ ಬರೆದು ತನ್ನಿ" ಎಂದು ಅವರ ಮೇಷ್ಟ್ರು ಹೇಳಿದ್ದರಂತೆ.

"ಹಂಪಿ ಬರಿ. ನನಗೆಲ್ಲ ಬಾಯಿಪಾಠ ಐತೆ" ಅಂದೆ.

"ಹಂಪಿ ಒಂದೇ ಊರಲ್ಲ ತಾತ. ಕೃಷ್ಣಾಪುರ, ಅಚ್ಯುತಪುರ, ವಿಠ್ಠಲಪುರ ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ಅವೆಲ್ಲ ಎಲ್ಲಿ?"

ಬಾಯಿಪಾಠ ಅಲ್ಲಿಗೇ ನಿಂತುಹೋಯಿತು. ಮರುದಿನ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹೊರಟೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಟಲಿ ನೀರು. ಸಂಡೂರಿನ ಗುಡ್ಡಗಳನ್ನೂ ಅದಿರಿನ ಕೆಂಪು ಧೂಳನ್ನೂ ದಾಟಿ ಹೊಸಪೇಟೆ ಸೇರಿದಾಗ ಇನ್ನೂ ಎಳೆ ಬಿಸಿಲು.

ಪುರ ಅಂದರೆ ಏನು?

ಮಕ್ಕಳೇ, ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ ಇಲ್ಲವೇ? ಊರು ಒಂದೇ, ಬಡಾವಣೆ ಹಲವು. ವಿಜಯನಗರವೂ ಹಾಗೇ ಇತ್ತು. 1336ರಲ್ಲಿ ತುಂಗಭದ್ರೆಯ ದಡದಲ್ಲಿ ಆರಂಭವಾದ ರಾಜ್ಯದ ರಾಜಧಾನಿ ಬೆಳೆಯುತ್ತಾ ಹೋದಂತೆ, ಒಬ್ಬೊಬ್ಬ ರಾಜ ಒಂದೊಂದು ದೊಡ್ಡ ಗುಡಿ ಕಟ್ಟಿಸಿದ. ಗುಡಿಯ ಮುಂದೆ ತೇರು ಎಳೆಯಲು ಅಗಲವಾದ ಬೀದಿ. ಬೀದಿಯ ಎರಡೂ ಕಡೆ ಕಲ್ಲುಕಂಬದ ಸಾಲು ಮಂಟಪ, ಅಲ್ಲಿ ವ್ಯಾಪಾರ. ಪಕ್ಕದಲ್ಲಿ ಒಂದು ಪುಷ್ಕರಣಿ. ಸುತ್ತ ಜನರ ಮನೆ. ಇಷ್ಟು ಸೇರಿದರೆ ಒಂದು ಪುರ.

ಹೊಸಪೇಟೆಯೇ ಅಂಥದ್ದೊಂದು ಪುರ. ಕೃಷ್ಣದೇವರಾಯ ಕಟ್ಟಿಸಿದ ಈ ಊರಿಗೆ ನಾಗಲಾಪುರ ಎಂಬ ಹೆಸರಿತ್ತು. ಹಳೆಯ ರಾಜಧಾನಿಗೆ ಇದು ಹೊಸ ಪೇಟೆ. ಐನೂರು ವರ್ಷವಾದರೂ ನಾವಿನ್ನೂ "ಹೊಸ" ಪೇಟೆ ಎಂದೇ ಕರೆಯುತ್ತೇವೆ ಎಂದು ಮೊಮ್ಮಗಳು ನಕ್ಕಳು.

ದೇವರು ಬಾರದ ಗುಡಿ

ಮೊದಲು ಇಳಿದದ್ದು ಅನಂತಶಯನಗುಡಿಯಲ್ಲಿ. ಹೊಸಪೇಟೆ ಬಿಟ್ಟ ಸ್ವಲ್ಪ ಹೊತ್ತಿಗೇ ಸಿಗುವ ಸ್ಟಾಪು. ಕೃಷ್ಣದೇವರಾಯ 1524ರಲ್ಲಿ ಮಗ ತಿರುಮಲರಾಯನ ಹೆಸರಿನಲ್ಲಿ ಮಾಡಿದ ಪುರ ಇದು. ಗುಡಿ ಬಹಳ ಎತ್ತರ. ಅದರ ಶಿಖರ ಬೇರೆ ಗುಡಿಗಳ ಹಾಗೆ ಮೊನಚಾಗಿಲ್ಲ, ಮೇಲೆ ದುಂಡಗೆ ಕಮಾನಿನಂತೆ ಬಾಗಿದೆ. ಒಳಗೆ ಗರ್ಭಗುಡಿ ಅಡ್ಡಲಾಗಿ ಉದ್ದವಾಗಿದೆ. ಮಲಗಿದ ವಿಷ್ಣುವಿಗೆ ಎಂದು ಕಟ್ಟಿದ ಉದ್ದನೆಯ ಪೀಠವಿದೆ. ದೇವರಿಲ್ಲ.

"ದೇವರೆಲ್ಲಿ?" ಎಂದಳು.

ಹಿರಿಯರು ಹೇಳುವ ಕಥೆ ಹೇಳಿದೆ. ಹೊಳಲಿನಲ್ಲಿದ್ದ ಅನಂತಶಯನ ದೇವರು ಇಲ್ಲಿಗೆ ಬರಲು ಒಪ್ಪಿದನಂತೆ. "ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ. ತಿರುಗಿ ಮಾತ್ರ ನೋಡಬೇಡ" ಎಂದನಂತೆ. ದಾರಿಯಲ್ಲಿ ರಾಜನಿಗೆ ಅನುಮಾನ ಬಂದು ತಿರುಗಿ ನೋಡಿದ. ದೇವರು ಅಲ್ಲೇ ಉಳಿದ. ಹೊಳಲಿನ ಗುಡಿಯಲ್ಲಿ ಇವತ್ತಿಗೂ ಮಲಗಿದ ಆ ದೊಡ್ಡ ಮೂರ್ತಿ ಇದೆ. ಇಲ್ಲಿ ಖಾಲಿ ಪೀಠ.

"ದೇವರು ಬರದಿದ್ರೂ ಜನ ಇಲ್ಲೇ ಉಳಿದ್ರಲ್ಲ ತಾತ" ಎಂದು ಹೊರಗಿನ ಮನೆಗಳನ್ನು ತೋರಿಸಿದಳು. ಹೌದು, ಗುಡಿಯ ಸುತ್ತ ಊರು ಹಾಗೇ ಇದೆ. ಅಂಗಳದಲ್ಲಿ ಎಮ್ಮೆ, ಬಾಗಿಲಲ್ಲಿ ರಂಗೋಲಿ.

ಅಕ್ಕ ಹೊರಟಳು

ಮುಂದಿನ ಸ್ಟಾಪು ಕಡ್ಡಿರಾಂಪುರ. ಇಲ್ಲಿ ವಿಜಯನಗರ ಕಾಲದ ಮುಸಲ್ಮಾನರ ಎರಡು ಗೋರಿಗಳಿವೆ. ರಾಜಧಾನಿಯಲ್ಲಿ ಎಲ್ಲ ಮತದ ಜನ ಇದ್ದರು ಎನ್ನಲು ಅವೇ ಸಾಕ್ಷಿ. ನಮಗೆ ಅದಕ್ಕಿಂತ ಮುಖ್ಯವಾಗಿ ಇಲ್ಲಿ ನಮ್ಮ ಅಕ್ಕನ ಮನೆಯಿದೆ.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಮದುವೆಯಾಗಿ ಬಂದದ್ದು ಹಂಪಿಗೆ. ವಿರೂಪಾಕ್ಷ ಗುಡಿಯ ಎದುರಿನ ಬೀದಿಯಲ್ಲಿ ಕಲ್ಲುಮಂಟಪಗಳ ಕಂಬಗಳ ನಡುವೆ ಗೋಡೆ ಕಟ್ಟಿಕೊಂಡು ಬಹಳ ಜನ ಸಂಸಾರ ಮಾಡುತ್ತಿದ್ದರು, ಅಂಗಡಿ ಇಟ್ಟಿದ್ದರು. ಅಕ್ಕ ಮತ್ತು ಭಾವ ಅಂಥ ಒಂದು ಮಂಟಪದಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಟೀ ಮಾರುತ್ತಿದ್ದರು. ಹಂಪಿಯಲ್ಲಿ ನನ್ನ ಬಸ್ ನಿಲ್ಲುತ್ತಿದ್ದ ಹತ್ತು ನಿಮಿಷ ನಾನು ಅಲ್ಲಿಯೇ. ನನಗೆ ಹಂಪಿ ಅಂದರೆ ಅಕ್ಕನ ಟೀ ಅಂಗಡಿ, ಅಷ್ಟೇ.

2011ರಲ್ಲಿ ಆ ಬೀದಿಯ ಮನೆ, ಅಂಗಡಿಗಳನ್ನೆಲ್ಲ ತೆರವು ಮಾಡಿದರು. ಹಳೆಯ ಮಂಟಪಗಳನ್ನು ಉಳಿಸಬೇಕು ಎಂಬುದು ಕಾರಣ. ಅಕ್ಕ ಕಡ್ಡಿರಾಂಪುರಕ್ಕೆ ಬಂದಳು. ಭಾವ ಮೂರು ವರ್ಷದಲ್ಲಿ ತೀರಿಕೊಂಡರು. ಅಂದಿನಿಂದ ಅಕ್ಕ ಗುಡಿಗೆ ಹೋಗುತ್ತಾಳೆ. ಆದರೆ ಗೋಪುರದಿಂದ ಹೊರಗೆ ಬಂದ ಕೂಡಲೇ ತಲೆ ತಗ್ಗಿಸಿ ಬಸ್ಸಿನ ಕಡೆ ತಿರುಗಿಬಿಡುತ್ತಾಳೆ. ಬೀದಿಯ ಕಡೆ ನೋಡುವುದಿಲ್ಲ.

"ದೊಡ್ಡಜ್ಜೀ, ನೀನೂ ಬಾ. ನಕ್ಷೆಯಲ್ಲಿ ನಿನ್ನ ಅಂಗಡಿ ಹಾಕಬೇಕು" ಎಂದಳು ಮೊಮ್ಮಗಳು.

ಅಕ್ಕ ಸುಮ್ಮನೆ ಕಾಫಿ ಲೋಟ ತೊಳೆದಿಟ್ಟಳು. ಆಮೇಲೆ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಏನೂ ಮಾತಾಡಲಿಲ್ಲ.

ಕೃಷ್ಣಾಪುರದ ಬೀದಿ

ಕೃಷ್ಣ ದೇವಸ್ಥಾನದ ಹತ್ತಿರ ಮೂವರೂ ಇಳಿದೆವು. ರಸ್ತೆಯ ಒಂದು ಕಡೆ ಗುಡಿ, ಇನ್ನೊಂದು ಕಡೆ ತಗ್ಗಿನಲ್ಲಿ ಬೀದಿ. ಬಸ್ಸಿನ ಕಿಟಕಿಯಿಂದ ಸಾವಿರ ಸಲ ನೋಡಿದ್ದರೂ ಇವೆರಡೂ ಒಂದೇ ಪುರ ಎಂದು ನನಗೆ ಹೊಳೆದಿರಲಿಲ್ಲ. ಈಗಿನ ರಸ್ತೆ ಗುಡಿಗೂ ಅದರ ಬೀದಿಗೂ ನಡುವೆ ಹಾದುಹೋಗಿದೆ.

ಕೃಷ್ಣದೇವರಾಯ ಉದಯಗಿರಿಯ ಕೋಟೆ ಗೆದ್ದು, ಅಲ್ಲಿಂದ ಬಾಲಕೃಷ್ಣನ ಮೂರ್ತಿಯನ್ನು ತಂದು 1515ರಲ್ಲಿ ಇಲ್ಲಿ ಸ್ಥಾಪಿಸಿದ. ಆ ಮೂರ್ತಿ ಈಗ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದೆ. ಗೋಪುರದ ಗಾರೆಯಲ್ಲಿ ಕುದುರೆ, ಆನೆ, ಗುರಾಣಿ ಹಿಡಿದ ಸೈನಿಕರು ಇನ್ನೂ ಅಲ್ಲಲ್ಲಿ ಕಾಣುತ್ತಾರೆ. ಮೆಟ್ಟಿಲಿಳಿದು ಬೀದಿಗೆ ಹೋದರೆ ಎರಡೂ ಕಡೆ ಕಂಬಗಳ ಸಾಲು. ಎಡಗಡೆ ಪುಷ್ಕರಣಿ, ನೀರಿನ ನಡುವೆ ಪುಟ್ಟ ಮಂಟಪ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಉಗ್ರನರಸಿಂಹ ಮತ್ತು ಬಡವಿಲಿಂಗ. ನರಸಿಂಹನನ್ನು 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದರು. ಎತ್ತರ 6.7 ಮೀಟರ್, ನಾಲ್ಕು ಜನ ಒಬ್ಬರ ಮೇಲೊಬ್ಬರು ನಿಂತಷ್ಟು. ತೊಡೆಯ ಮೇಲಿದ್ದ ಲಕ್ಷ್ಮಿ ಮುರಿದುಹೋಗಿದ್ದಾಳೆ. ಅವಳ ಒಂದು ಕೈ ಮಾತ್ರ ದೇವರ ಬೆನ್ನ ಮೇಲೆ ಉಳಿದಿದೆ. ಪಕ್ಕದ ಗುಡಿಯಲ್ಲಿ ಮೂರು ಮೀಟರ್ ಎತ್ತರದ ಬಡವಿಲಿಂಗ ನೀರಿನಲ್ಲೇ ನಿಂತಿದೆ. ಬಡ ಹೆಂಗಸೊಬ್ಬಳು ಮಾಡಿಸಿದ್ದರಿಂದ ಆ ಹೆಸರು ಎನ್ನುತ್ತಾರೆ.

"ನೀರು ಎಲ್ಲಿಂದ ಬರುತ್ತೆ?" ಮೊಮ್ಮಗಳ ಪ್ರಶ್ನೆ.

ಇದಕ್ಕೆ ಉತ್ತರ ಕೊಟ್ಟವಳು ಅಕ್ಕ. "ತುರ್ತು ಕಾಲುವೆದು. ಹೊಳೆಗೆ ಅಡ್ಡ ಕಟ್ಟೆ ಕಟ್ಟಿ ರಾಯರ ಕಾಲದಾಗೆ ತಂದದ್ದು. ಈಗಲೂ ಈ ಬಾಳೆತೋಟ, ಭತ್ತದ ಗದ್ದೆ ಎಲ್ಲಾ ಅದೇ ನೀರಿಗೆ ಬೆಳೀತಾವೆ." ರಾಜರು ಹೋದರು, ಅರಮನೆ ಬಿದ್ದವು. ಅವರು ತಂದ ನೀರು ಮಾತ್ರ ಒಂದು ದಿನವೂ ತಾನು ಹಳೆಯದು ಎಂದು ಹೇಳದೆ ಹರಿಯುತ್ತಿದೆ. ಮೊಮ್ಮಗಳು ನಕ್ಷೆಯಲ್ಲಿ ನೀಲಿ ಗೆರೆ ಎಳೆದಳು.

ವಿರೂಪಾಕ್ಷನ ಬೀದಿಯಲ್ಲಿ

ಕಡಲೆಕಾಳು ಗಣೇಶನನ್ನು ನೋಡಿ ಇಳಿಜಾರಿನಲ್ಲಿ ನಡೆದರೆ ಹಂಪಿ. ಪಂಪೆ ಎಂಬುದು ತುಂಗಭದ್ರೆಯ ಹಳೆಯ ಹೆಸರು. ಹಳಗನ್ನಡದ ಪಾಲು ಹಾಲಾದಂತೆ, ಪಂಪೆ ಹಂಪೆಯಾಯಿತು. ವಿರೂಪಾಕ್ಷನ ಗುಡಿ ಸಾಮ್ರಾಜ್ಯಕ್ಕಿಂತಲೂ ಹಳೆಯದು. ಒಳಗಿನ ರಂಗಮಂಟಪವನ್ನು ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ 1510ರಲ್ಲಿ ಕಟ್ಟಿಸಿದ. ಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಗೋಡೆಯ ಮೇಲೆ ದೊಡ್ಡ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಚಿಕ್ಕ ಕಿಂಡಿಯಿಂದ ಬೆಳಕು ನೇರವಾಗಿ ಬರುವುದರಿಂದ ಗೋಪುರದ ತುದಿಯ ಬೆಳಕು ಗೋಡೆಯ ಕೆಳಗೂ, ಬುಡದ ಬೆಳಕು ಮೇಲೂ ಬೀಳುತ್ತದೆ. "ನಮ್ಮ ವಿಜ್ಞಾನ ಪುಸ್ತಕದಲ್ಲಿರೋ ಸೂಜಿರಂಧ್ರ ಕ್ಯಾಮೆರಾ!" ಎಂದು ಮೊಮ್ಮಗಳು ಕುಣಿದಳು.

ಗೋಪುರದಿಂದ ಹೊರಗೆ ಬಂದೆವು. ಎದುರಿಗೆ ಬೀದಿ. ದೂರದಲ್ಲಿ ಮಾತಂಗ ಬೆಟ್ಟ, ಅದರ ಬುಡದಲ್ಲಿ ಎದುರು ಬಸವಣ್ಣ. ಮುಕ್ಕಾಲು ಕಿಲೋಮೀಟರಿನಷ್ಟು ಉದ್ದ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಈ ನಗರ ರೋಮಿನಷ್ಟು ದೊಡ್ಡದು ಎಂದು ಬರೆದಿದ್ದಾನೆ. ಬೆಟ್ಟ ಹತ್ತಿ ನೋಡಿದರೂ ಅವನಿಗೆ ಊರು ಪೂರ್ತಿ ಕಾಣಲಿಲ್ಲವಂತೆ. 1565ರ ರಕ್ಕಸತಂಗಡಿಯ ಯುದ್ಧದಲ್ಲಿ ಸೋತ ಮೇಲೆ ರಾಜಮನೆತನ ಪೆನುಕೊಂಡೆಗೆ ಹೋಯಿತು. ಅಷ್ಟು ದೊಡ್ಡ ನಗರ ಬರಿದಾಯಿತು.

ಅಕ್ಕ ಈ ಸಲ ತಲೆ ತಗ್ಗಿಸಲಿಲ್ಲ. ಮೊಮ್ಮಗಳ ಕೈ ಹಿಡಿದು ನಡೆದಳು. ಒಂದು ಕಡೆಯ ಕಂಬಗಳನ್ನು ಎಣಿಸುತ್ತಾ ಹೋಗಿ, ಒಂದು ಮಂಟಪದ ಎದುರು ನಿಂತಳು. ನನಗೆ ಗುರುತೇ ಸಿಗಲಿಲ್ಲ. ಎಲ್ಲವೂ ಒಂದೇ ಥರ ಬರಿ ಕಲ್ಲು.

"ಇದೇ. ನೋಡು" ಎಂದು ಕಲ್ಲಿನ ಕಟ್ಟೆಯ ಅಂಚನ್ನು ತೋರಿಸಿದಳು. ಅಲ್ಲಿ ಬೆರಳು ಹಿಡಿಯುವಷ್ಟು ನುಣುಪಾದ ತಗ್ಗು. "ಮೂವತ್ತು ವರ್ಷ ಇಲ್ಲೇ ಕತ್ತಿ ಮಸೆದಿದೀನಿ. ಈರುಳ್ಳಿ, ಮೆಣಸಿನಕಾಯಿ ಹೆಚ್ಚೋ ಕತ್ತಿ."

ಮೊಮ್ಮಗಳು ಆ ತಗ್ಗಿನಲ್ಲಿ ಬೆರಳಿಟ್ಟಳು.

ಆಗ ನನಗೆ ಹದಿನಾಲ್ಕು ವರ್ಷ ಹೇಳದ ಮಾತು ಬಾಯಿಗೆ ಬಂತು. ತೆರವು ಮಾಡಿದ ದಿನ ನನ್ನದು ಇದೇ ರೂಟಿನ ಡ್ಯೂಟಿ. ಬಸ್ ಬಂದು ನಿಂತಾಗ ಅಕ್ಕ ಬೀದಿಯಲ್ಲಿ ಪಾತ್ರೆ, ಹಾಸಿಗೆ ಗಂಟು ಇಟ್ಟುಕೊಂಡು ನಿಂತಿದ್ದಳು. ನನ್ನನ್ನು ನೋಡಿದಳು. ನಾನೂ ನೋಡಿದೆ. ಹೊರಡುವ ಹೊತ್ತಾಗಿತ್ತು. ಸೀಟಿ ಊದಿ "ರೈಟ್" ಎಂದೆ. ಬಸ್ ಹೊರಟಿತು. ಸಂಜೆ ಬರೋಣ ಎಂದುಕೊಂಡೆ, ಹೋದದ್ದು ಎರಡು ದಿನ ಬಿಟ್ಟು.

"ಅಕ್ಕಾ, ಅವತ್ತು ನಾನು ಇಳೀಬೇಕಿತ್ತು" ಅಂದೆ.

ಅಕ್ಕ ಕಟ್ಟೆಯ ಮೇಲೆ ಕೂತಳು. "ಇಳಿದಿದ್ರೆ ಏನ್ ಮಾಡ್ತಿದ್ದೆ? ಪಾತ್ರೆ ಹಿಡ್ಕಂತಿದ್ದೆ, ಅಷ್ಟೇ." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಹಿಡ್ಕಂಡಿದ್ರೆ ಚಲೋ ಇತ್ತು ತಮ್ಮಾ."

ಅದಕ್ಕೆ ನನ್ನ ಹತ್ತಿರ ಮಾತಿರಲಿಲ್ಲ. ಮೊಮ್ಮಗಳು ಇಬ್ಬರ ಮುಖವನ್ನೂ ನೋಡಿ, "ದೊಡ್ಡಜ್ಜೀ, ನಿಮ್ಮನ್ನ ಕಳಿಸಿದ್ದು ತಪ್ಪಾ?" ಎಂದು ಕೇಳಿದಳು.

"ಕಲ್ಲು ಉಳೀಬೇಕು ಮಗಾ. ನಾವು ಹೊಡೆದ ಮೊಳೆ, ಹಚ್ಚಿದ ಮಸಿ ನನಗೂ ಗೊತ್ತಿತ್ತು. ಆದರೆ ಕಲ್ಲಿಗೆ ತೋರಿಸಿದ ನಿಧಾನ ಮನುಷ್ಯರಿಗೂ ತೋರಿಸಬೇಕಿತ್ತು." ಆಮೇಲೆ ನಮ್ಮನ್ನು ನೋಡಿ, "ನೀವು ಹೋಗಿ ಬರ್ರಿ. ನನ್ನ ಮೊಣಕಾಲಿಗೆ ಆ ಮೆಟ್ಟಿಲು ಆಗಲ್ಲ. ನಾನು ಇಲ್ಲೇ ಕೂತಿರ್ತೀನಿ" ಎಂದಳು.

ಬಂಡೆಗಳ ಆಚೆಯ ಅಚ್ಯುತಪುರ

ಬೀದಿಯ ಕೊನೆಯಲ್ಲಿ ಎದುರು ಬಸವಣ್ಣ ಒಂದೇ ಬಂಡೆಯಲ್ಲಿ ಕೂತಿದ್ದಾನೆ. ಅಲ್ಲಿಂದ ಮೆಟ್ಟಿಲು ಹತ್ತಿ ಬಂಡೆಗಳ ನಡುವೆ ಇಳಿದರೆ, ಇದ್ದಕ್ಕಿದ್ದಂತೆ ಕಣಿವೆಯಲ್ಲಿ ಇನ್ನೊಂದು ಪುರ. ಕೃಷ್ಣದೇವರಾಯನ ತಮ್ಮ ಅಚ್ಯುತರಾಯನ ಕಾಲದಲ್ಲಿ, 1534ರಲ್ಲಿ ಕಟ್ಟಿದ ತಿರುವೆಂಗಳನಾಥನ ಗುಡಿ ಇದು. ಒಂದರೊಳಗೊಂದು ಎರಡು ಪ್ರಾಕಾರ. ಗುಡಿಯ ಮುಂದಿನ ಬೀದಿ ಉತ್ತರಕ್ಕೆ ಹೊಳೆಯ ಕಡೆ ಹೋಗುತ್ತದೆ. ಬೀದಿಯ ಪಕ್ಕ ಪುಷ್ಕರಣಿ. ನಮ್ಮ ಸೂತ್ರ ಸರಿಯಾಗಿ ಕೂತಿತು: ಗುಡಿ, ಬೀದಿ, ನೀರು. ಜನ ಮಾತ್ರ ಇಲ್ಲ. ಒಂದು ಮಂಗ ಕಂಬದ ಮೇಲಿಂದ ನಮ್ಮ ಬುತ್ತಿಯ ಚೀಲವನ್ನೇ ನೋಡುತ್ತಿತ್ತು.

ಇಲ್ಲಿಂದ ಹೊಳೆದಂಡೆ ಹಿಡಿದು ಮುಂದೆ ನಡೆದರೆ ವಿಠ್ಠಲಪುರ. ಐವತ್ತು ರೂಪಾಯಿ ನೋಟಿನ ಹಿಂದೆ ಇರುವ ಕಲ್ಲಿನ ರಥ ಅಲ್ಲಿಯದೇ. ಅದು ಒಂದೇ ಕಲ್ಲು ಎಂದು ಹಲವರು ತಿಳಿದಿದ್ದಾರೆ. ಅಲ್ಲ ಮಕ್ಕಳೇ, ಹಲವು ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿದ್ದಾರೆ. ಹಿಂದೆ ಅದರ ಮೇಲೆ ಇಟ್ಟಿಗೆಯ ಗೋಪುರವೂ ಇತ್ತು, 1856ರಲ್ಲಿ ತೆಗೆದ ಫೋಟೋದಲ್ಲಿ ಅದು ಕಾಣುತ್ತದೆ. ಹತ್ತಿರದ ಹೊಳೆದಂಡೆಯಲ್ಲಿ ಪುರಂದರದಾಸರ ಮಂಟಪವಿದೆ. ಆಚೆ ದಡದಲ್ಲಿ ಈ ರಾಜಧಾನಿಗಿಂತ ಹಳೆಯದಾದ ಆನೆಗೊಂದಿ.

"ಹೋಗಾನಾ?" ಎಂದೆ.

"ಬೇಡ ತಾತ. ದೊಡ್ಡಜ್ಜಿ ಒಬ್ಬಳೇ ಕಾಯ್ತಿದಾಳೆ" ಎಂದಳು. ವಿಠ್ಠಲಪುರ ಮುಂದಿನ ರಜೆಗೆ ಉಳಿಯಿತು. ತಿರುಗಿ ಬರುವಾಗ ಅವಳು ಬಸವಣ್ಣನಿಂದ ಗೋಪುರದವರೆಗೆ ಹೆಜ್ಜೆ ಎಣಿಸಿದಳು. ಸಾವಿರದ ಮುನ್ನೂರು ಚಿಲ್ಲರೆ.

ನಾವು ಬಂದಾಗ ಅಕ್ಕ ಒಂದು ಬೇವಿನ ಟೊಂಗೆ ಹಿಡಿದು ಮಂಟಪದ ನೆಲ ಗುಡಿಸಿ ಮುಗಿಸಿದ್ದಳು. ಯಾರೋ ಪ್ರವಾಸಿಗರು ಬಿಟ್ಟ ಬಾಟಲಿ, ಚಿಪ್ಸ್ ಪೊಟ್ಟಣ ಒಂದು ಕಡೆ ಗುಡ್ಡೆಯಾಗಿದ್ದವು. "ಕಸ ಇತ್ತು" ಅಂದಳು. ಕಸವನ್ನು ಚೀಲಕ್ಕೆ ತುಂಬಿಕೊಂಡು ಗುಡಿಯ ಹತ್ತಿರದ ತೊಟ್ಟಿಗೆ ಹಾಕಿ, ಹೊಳೆಯ ಮೆಟ್ಟಿಲಿಗೆ ಹೋಗಿ ಕಾಲು ತೊಳೆದು, ನೆರಳಿನಲ್ಲಿ ಕೂತು ರೊಟ್ಟಿ ತಿಂದೆವು.

ನೀವೂ ಹೋಗುವುದಾದರೆ

ಅಜ್ಜ ಅಜ್ಜಿಯರಿಗೆ ಒಂದು ಮಾತು. ಎಲ್ಲವನ್ನೂ ಒಂದೇ ದಿನ ನೋಡುವ ಹಟ ಬೇಡ. ಒಂದು ದಿನಕ್ಕೆ ಎರಡೋ ಮೂರೋ ಪುರ ಸಾಕು. ಬೆಳಿಗ್ಗೆ ಬೇಗ ಹೊರಡಿ. ಬಿಸಿಲಿಗೆ ಇಲ್ಲಿಯ ಬಂಡೆ ಹೆಂಚಿನಂತೆ ಕಾಯುತ್ತವೆ. ನೀರು, ಟೋಪಿ ಇರಲಿ. ಬುತ್ತಿಯನ್ನು ಮಂಗಗಳಿಗೆ ಕಾಣದಂತೆ ಇಡಿ. ಹೊಳೆಯಲ್ಲಿ ಸೆಳೆತ, ಸುಳಿ ಇರುತ್ತವೆ, ಮೆಟ್ಟಿಲು ಬಿಟ್ಟು ಮಕ್ಕಳನ್ನು ಇಳಿಸಬೇಡಿ. ಮಕ್ಕಳೇ, ಕಂಬದ ಮೇಲೆ ಹೆಸರು ಗೀಚಬೇಡಿ. ಪ್ರತಿ ಪುರದಲ್ಲೂ ನಾಲ್ಕು ವಿಷಯ ಹುಡುಕಿ ಬರೆದುಕೊಳ್ಳಿ: ಗುಡಿ ಯಾರದು, ಬೀದಿ ಯಾವ ದಿಕ್ಕಿಗೆ ಹೋಗುತ್ತದೆ, ನೀರು ಎಲ್ಲಿದೆ, ಈಗ ಅಲ್ಲಿ ಯಾರಿದ್ದಾರೆ. ಕೊನೆಯ ಪ್ರಶ್ನೆಗೆ ಉತ್ತರ ಫಲಕದ ಮೇಲೆ ಇರುವುದಿಲ್ಲ. ಅಲ್ಲಿ ಎಳನೀರು ಮಾರುವವರನ್ನೋ, ಗದ್ದೆಯಲ್ಲಿ ಕೆಲಸ ಮಾಡುವವರನ್ನೋ ಮಾತಾಡಿಸಬೇಕು.

ಸಂಜೆಯ ಬಸ್ ಹತ್ತಿದೆವು. ಸೀಟಿನಲ್ಲಿ ಕೂತು ಮೊಮ್ಮಗಳು ನಕ್ಷೆ ಮುಗಿಸಿದಳು. ನಾಲ್ಕು ಪುರ, ನಾಲ್ಕು ಬೀದಿ, ನೀಲಿ ಕಾಲುವೆ, ಅದರ ಮೇಲೆ ಅಗಲವಾಗಿ ತುಂಗಭದ್ರೆ. ವಿರೂಪಾಕ್ಷನ ಬೀದಿಯ ಒಂದು ಮಂಟಪಕ್ಕೆ ಕೆಂಪು ಬಣ್ಣ ಹಚ್ಚಿ, "ದೊಡ್ಡಜ್ಜಿಯ ಒಗ್ಗರಣೆ ಅಂಗಡಿ, 2011ರವರೆಗೆ" ಎಂದು ಬರೆದಳು. ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ಮಿರ್ಚಿನೂ ಮಾರ್ತಿದ್ದೆ" ಅಂದಳು. ಮೊಮ್ಮಗಳು ಅದನ್ನೂ ಸೇರಿಸಿದಳು.

"ಯಾರ್ರೀ ಕಡ್ಡಿರಾಂಪುರ!" ಕಂಡಕ್ಟರ್ ಹುಡುಗ ಕೂಗಿದ. ಅಕ್ಕ ಎದ್ದಳು. ಹೊಸಪೇಟೆಯಲ್ಲಿ ನಮ್ಮ ಊರಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಆದರೂ ಅಕ್ಕನ ಚೀಲ ನನ್ನ ಕೈಗೆ ತೆಗೆದುಕೊಂಡು, ಮೊಮ್ಮಗಳಿಗೆ "ನಡಿಯವ್ವಾ" ಎಂದು, ನಾನೂ ಇಳಿದೆ.